ನೆಲ ಒರೆಸಿ ಕಲಿತ ಕರಾಟೆ

ಕರಾಟೆ ಅಭ್ಯಾಸಕ್ಕೆ ನನಗೆ ಸಿಕ್ಕ ಮೊದಲ ಜಾಗ ಮುಂಬೈ ಫೋರ್ಟಿನ ಒಂದು ಹೋಟೆಲಿನ ನೆಲ. 1979ರಲ್ಲಿ ಕುಂದಾಪುರ ಕಡೆಯಿಂದ ಬಂದಾಗ ನನಗೆ 14 ವರ್ಷ. ಹಗಲು ಟೇಬಲ್ ಒರೆಸುವುದು, ಸಂಜೆ ಕನ್ನಡ ರಾತ್ರಿ ಶಾಲೆ, ಮತ್ತೆ ಬಂದು ನೆಲ ತೊಳೆದು ಅಲ್ಲೇ ಚಾಪೆ ಹಾಕಿ ಮಲಗುವುದು. ನಮ್ಮೂರಿನ ಎಷ್ಟೋ ಹುಡುಗರ ಬದುಕು ಇಲ್ಲಿ ಶುರುವಾದದ್ದೇ ಹೀಗೆ. ಫೋರ್ಟ್ ಅಂದರೆ ಆಫೀಸುಗಳ ಜಾಗ. ಭಾನುವಾರ ಗಿರಾಕಿ ಇಲ್ಲ, ನಮ್ಮ ಹೋಟೆಲಿಗೂ ರಜೆ. ಆ ರಜೆಯಲ್ಲಿ, 1983ರಿಂದ, ದಾದರಿನ ಒಂದು ವ್ಯಾಯಾಮಶಾಲೆಗೆ ಶೋಟೊಕಾನ್ ಅನ್ನುವ ಪದ್ಧತಿಯ ಕರಾಟೆ ಕಲಿಯಲು ಹೋಗತೊಡಗಿದೆ. ವಾರಕ್ಕೆ 2 ಗಂಟೆ ಪಾಠ. ಉಳಿದ 6 ದಿನ ಎಲ್ಲಿ ಅಭ್ಯಾಸ ಮಾಡುವುದು?

ರಾತ್ರಿ 11ಕ್ಕೆ ಶಟರ್ ಎಳೆದು, ಕುರ್ಚಿಗಳನ್ನು ಟೇಬಲ್ ಮೇಲೆ ಮಗುಚಿಟ್ಟರೆ ನಡುವೆ ಓಣಿಯಷ್ಟು ಜಾಗ ಸಿಗುತ್ತಿತ್ತು. ಕಟಾ ಅಂದರೆ ಒಬ್ಬರೇ ಮಾಡುವ, ಕ್ರಮ ತಪ್ಪದ ನಡೆಗಳ ಸರಣಿ. ಹೊಸಬರಿಗೆ ಮೊದಲು ಕಲಿಸುವ ಕಟಾ ಹೇಯಾನ್ ಶೋದಾನ್. ಅದರಲ್ಲಿ 21 ನಡೆಗಳು. ಎಡಕ್ಕೆ, ಬಲಕ್ಕೆ ತಿರುಗಿ, ಮುಂದೆ ಹೋಗಿ, ಹಿಂದೆ ಬಂದು, ಕೊನೆಗೆ ಹೊರಟ ಜಾಗದಲ್ಲೇ ನಿಲ್ಲಬೇಕು. ಗಲ್ಲಾದ ಮುಂದೆ ಒಂದು ಒಡೆದ ಟೈಲ್ಸ್ ಇತ್ತು. ಅಲ್ಲಿಂದ ಹೊರಡುತ್ತಿದ್ದೆ. ಮುಗಿದಾಗ ಪಾದ ಆ ಟೈಲ್ಸ್ ಮೇಲೆ ಇಲ್ಲದಿದ್ದರೆ ಎಲ್ಲೋ ಹೆಜ್ಜೆ ಗಿಡ್ಡ ಆಗಿದೆ ಅಂತ ಗೊತ್ತಾಗುತ್ತಿತ್ತು. ಮತ್ತೆ ಮೊದಲಿಂದ. 9ನೇ ಮತ್ತು 17ನೇ ನಡೆಯಲ್ಲಿ ಹೊಟ್ಟೆಯಿಂದ ಜೋರಾಗಿ ಕೂಗಬೇಕು, ಅದೇ ಕಿಯಾಯ್. ಮಲಗಿದವರು ಏಳಬಾರದು ಅಂತ ನಾನು ಸದ್ದಿಲ್ಲದೆ ಉಸಿರನ್ನು ಮಾತ್ರ ಬಿಡುತ್ತಿದ್ದೆ.

ನೆಲ ಆಗಷ್ಟೇ ತೊಳೆದದ್ದು, ಒದ್ದೆ. ಝೆನ್‌ಕುತ್ಸು ದಾಚಿ ಅನ್ನುವ ನಿಲುವಿನಲ್ಲಿ ಮುಂದಿನ ಮೊಣಕಾಲು ಮಡಿಸಿ, ಹಿಂದಿನ ಕಾಲು ಚಾಚಿ, ಎರಡೂ ಪಾದವನ್ನು ಪೂರ್ತಿ ನೆಲಕ್ಕೆ ಊರಬೇಕು. ಹಿಂದಿನ ಹಿಮ್ಮಡಿ ಸ್ವಲ್ಪ ಎದ್ದರೂ ಕಾಲು ಜಾರುತ್ತಿತ್ತು. ದಾದರಿನಲ್ಲಿ ಸರ್ ಎಷ್ಟು ಸಲ ಹೇಳಿದರೂ ಕೂರದ ಹಿಮ್ಮಡಿಯನ್ನು ಆ ಒದ್ದೆ ನೆಲ ಕೂರಿಸಿತು.

ಶೋಟೊಕಾನ್ ಪದ್ಧತಿಯ ಮೂಲಗುರು ಗಿಚಿನ್ ಫುನಾಕೋಶಿಯವರ ಬದುಕಿನ ಬಗ್ಗೆ ಓದಿದ್ದು ಎಷ್ಟೋ ವರ್ಷದ ಮೇಲೆ. ಓದುವಾಗ ಕಣ್ಣು ತುಂಬಿತು. 1868ರಲ್ಲಿ ಓಕಿನಾವಾದ ಶುರಿಯಲ್ಲಿ ಹುಟ್ಟಿದವರು, ಶಾಲೆಯ ಮಾಷ್ಟ್ರು. ಆಗ ಅಲ್ಲಿ ಕರಾಟೆಯನ್ನು ನಾಲ್ಕು ಜನರ ಕಣ್ಣಿಗೆ ಬೀಳದಂತೆ ಕಲಿಯಬೇಕಿತ್ತು. ಅವರು ರಾತ್ರಿ ಹೊತ್ತು ಲಾಟೀನು ಹಿಡಿದು ಅಜಾತೊ ಅನ್ನುವ ಗುರುಗಳ ಮನೆಗೆ ನಡೆದು ಹೋಗುತ್ತಿದ್ದರು. 1922ರಲ್ಲಿ ಕರಾಟೆ ತೋರಿಸಲು ಟೋಕಿಯೊಗೆ ಹೋದವರು ಅಲ್ಲೇ ಉಳಿದರು. ವಯಸ್ಸು 50 ದಾಟಿತ್ತು, ಕೈಯಲ್ಲಿ ಕಾಸಿರಲಿಲ್ಲ. ಓಕಿನಾವಾದ ಹುಡುಗರಿದ್ದ ಒಂದು ಹಾಸ್ಟೆಲಿನಲ್ಲಿ ಸಣ್ಣ ಕೋಣೆ ಸಿಕ್ಕಿತು. ಹೊಟ್ಟೆಪಾಡಿಗೆ ಅಲ್ಲೇ ಕಾವಲು ಕಾದರು, ತೋಟ ನೋಡಿಕೊಂಡರು, ಕೋಣೆಗಳನ್ನು ಗುಡಿಸಿದರು. ಟೋಕಿಯೊದಲ್ಲಿ ಕರಾಟೆಯನ್ನು ಬೇರೂರಿಸಿದ ಕೈಯಲ್ಲಿ ಪೊರಕೆಯೂ ಇತ್ತು. ಇವರು ನಮ್ಮವರೇ ಅನ್ನಿಸಿತು ನನಗೆ.

1989ರಲ್ಲಿ ಬ್ಲ್ಯಾಕ್ ಬೆಲ್ಟ್ ಆಯಿತು. 1991ರಲ್ಲಿ ಚೆಂಬೂರಿನಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು ಕ್ಲಾಸ್ ಶುರು ಮಾಡಿದೆ. ನನಗೆ ಗೊತ್ತಿದ್ದ ಕನ್ನಡದವರಲ್ಲಿ ಆಗ ಕರಾಟೆ ಕಲಿಸುವವರು ಬೇರೆ ಯಾರೂ ಇರಲಿಲ್ಲ. ಮೊದಲ ದಿನ 7 ಮಕ್ಕಳು, ಅದರಲ್ಲಿ 2 ಹುಡುಗಿಯರು. ಎಲ್ಲರ ಕೈಗೂ ಒಂದೊಂದು ಒದ್ದೆ ಬಟ್ಟೆ ಕೊಟ್ಟೆ. ಒಬ್ಬ ಹುಡುಗನ ತಾಯಿ ಬಾಗಿಲಲ್ಲೇ ನಿಂತು ಕೇಳಿದರು, “ಏನ್ ಮಾಷ್ಟ್ರೇ, ಫೀಸೂ ಕೊಟ್ಟು ನಮ್ಮ ಮಗ ನೆಲಾನೂ ಒರೆಸ್ಬೇಕಾ?”

“ಹೌದು ಅಕ್ಕಾ. ನಾನೂ ಒರೆಸ್ತೇನೆ.”

ಒಂದು ವಾರ ಮಗನನ್ನು ಕಳಿಸಲಿಲ್ಲ. ಆಮೇಲೆ ಕಳಿಸಿದರು.

ಆ ಬಟ್ಟೆಯಿಂದಲೇ ಗುದ್ದು ಹೇಳಿಕೊಡುತ್ತೇನೆ. ಮೊದಲು ಬಟ್ಟೆ ಹಿಂಡಿ ಅನ್ನುತ್ತೇನೆ. ಎರಡು ಕೈ ಎರಡು ಕಡೆಗೆ ತಿರುಗುತ್ತವೆ, ಅಲ್ವಾ? ಗುದ್ದಿನಲ್ಲೂ ಹಾಗೇ. ಒಂದು ಮುಷ್ಟಿ ಸೊಂಟದಿಂದ ಹೊರಟು ಕೊನೆಯಲ್ಲಿ ತಿರುಗುತ್ತದೆ. ಅದೇ ಹೊತ್ತಿಗೆ ಇನ್ನೊಂದು ತಿರುಗುತ್ತಾ ಸೊಂಟಕ್ಕೆ ವಾಪಸ್ ಬರುತ್ತದೆ. ಬರುವ ಕೈ ಸಡಿಲವಾದರೆ ಹೋಗುವ ಕೈಯಲ್ಲೂ ಬಲವಿಲ್ಲ. ಮುಷ್ಟಿ ಕಟ್ಟುವಾಗ ಹೆಬ್ಬೆರಳು ಹೊರಗೇ ಇರಬೇಕು, ತೋರುಬೆರಳು, ನಡುಬೆರಳುಗಳ ಮೇಲೆ ಅಡ್ಡವಾಗಿ. ಒಳಗೆ ಸೇರಿಸಿ ಹೊಡೆದರೆ ಮುರಿಯುವುದು ನಮ್ಮದೇ ಬೆರಳು. ತಾಗಬೇಕಾದ್ದು ತೋರುಬೆರಳು, ನಡುಬೆರಳಿನ ಗೆಣ್ಣು ಮಾತ್ರ.

ಒಂದು ವಿಷಯದಲ್ಲಿ ನಾನು ತಪ್ಪು ಮಾಡಿದೆ. ನಾವು ಕಲಿಯುವಾಗ ಸಿಮೆಂಟ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಪ್ಪಳಿಸುತ್ತಾ ಹಾಲ್ ಸುತ್ತಿಸುತ್ತಿದ್ದರು. ನಾನೂ ಮಕ್ಕಳಿಂದ ಅದನ್ನೇ ಮಾಡಿಸಿದೆ. 1996ರಲ್ಲಿ ನನ್ನ ಬಲ ಮೊಣಕಾಲು ಊದಿ ನಿಂತಿತು, ಒಳಗಿನ ಗಾದಿ ಹರಿದಿದೆ ಅಂದರು ಡಾಕ್ಟರು. ಅವತ್ತಿನಿಂದ ಕುಪ್ಪಳಿಸುವುದು ಬಂದ್. ತಿರುಗುವಾಗ ಪಾದ ನೆಲಕ್ಕೆ ಅಂಟಿದ್ದು ಮೊಣಕಾಲು ಮಾತ್ರ ತಿರುಚಬಾರದು, ಪಾದವೂ ಜೊತೆಗೆ ತಿರುಗಬೇಕು. ಮೊಣಕಾಲು ಯಾವಾಗಲೂ ಕಾಲ್ಬೆರಳಿನ ಕಡೆಗೇ ನೋಡಬೇಕು. ಆ ಮೊದಲ 5 ವರ್ಷದ ಮಕ್ಕಳಲ್ಲಿ ಈಗಲೂ ಯಾರಾದರೂ ಸಿಕ್ಕರೆ, ಮೊದಲು ಮೊಣಕಾಲು ಹೇಗಿದೆ ಅಂತಲೇ ಕೇಳುತ್ತೇನೆ.

ಬೆಲ್ಟಿನ ವಿಷಯ ಮಾತ್ರ ಇವತ್ತಿಗೂ ನೋವು. 3 ತಿಂಗಳಿಗೊಂದು ಬಣ್ಣ, 2 ವರ್ಷಕ್ಕೆ ಕಪ್ಪು, ಪ್ರತಿ ಪರೀಕ್ಷೆಗೆ ಇಷ್ಟು ದುಡ್ಡು ಅಂತ ಒಂದು ಸಂಸ್ಥೆಯವರು ನನ್ನ ಹತ್ತಿರ ಬಂದಿದ್ದರು. ಒಪ್ಪಲಿಲ್ಲ. 40 ಮಕ್ಕಳಿದ್ದ ಕ್ಲಾಸು 11ಕ್ಕೆ ಇಳಿಯಿತು. ಬೆಲ್ಟ್ ಪದ್ಧತಿ ಮೂಲದಲ್ಲಿ ಕರಾಟೆಯದ್ದೇ ಅಲ್ಲ, ಜೂಡೊದಿಂದ ಬಂದದ್ದು. ಫುನಾಕೋಶಿ ತಮ್ಮ ಶಿಷ್ಯರಿಗೆ ಮೊದಲ ಸಲ ಬ್ಲ್ಯಾಕ್ ಬೆಲ್ಟ್ ಕೊಟ್ಟದ್ದು 1924ರಲ್ಲಿ. ಅವರು ಕಲಿಯುವಾಗ ಟೆಕ್ಕಿ ಅನ್ನುವ 3 ಕಟಾಗಳಿಗೇ 10 ವರ್ಷ ಕೊಟ್ಟಿದ್ದರು. ನನ್ನಲ್ಲಿ ಹೇಯಾನ್ ಶೋದಾನ್‌ಗೆ 1 ವರ್ಷ. ಕಾಯುವ ಮನಸ್ಸಿದ್ದವರು ಉಳಿದರು.

2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕರಾಟೆ ಬಂದಾಗ ಮತ್ತೆ ಹಾಲ್ ತುಂಬಿತು. 2024ರ ಪ್ಯಾರಿಸ್‌ನಲ್ಲಿ ಅದನ್ನು ಸೇರಿಸಲಿಲ್ಲ, ಅರ್ಧ ಜನ ಬಿಟ್ಟರು. ಇರಲಿ.

ಮೊದಲ ದಿನ ಬಂದ ಆ 2 ಹುಡುಗಿಯರಲ್ಲಿ ಒಬ್ಬಳು ಈಗ ಬೆಳಿಗ್ಗೆ 6ರ ಬ್ಯಾಚ್ ನಡೆಸುತ್ತಾಳೆ. ಬ್ಯಾಂಕಿನ ಕೆಲಸಕ್ಕೆ ಹೋಗುವ ಮೊದಲು ಬರುತ್ತಾಳೆ. ಬಕೆಟ್ ತುಂಬುವವಳೂ ಅವಳೇ. ಮಕ್ಕಳು ಸಾಲಾಗಿ ಬಗ್ಗಿ ಈ ಗೋಡೆಯಿಂದ ಆ ಗೋಡೆಗೆ ಬಟ್ಟೆ ತಳ್ಳಿಕೊಂಡು ಓಡುತ್ತಾರೆ. ಆಮೇಲೆ ಅವಳು ಎಣಿಸುತ್ತಾಳೆ, ಇಚಿ, ನಿ, ಸನ್. ನಾನು ಹಿಂದಿನ ಸಾಲಿನಲ್ಲಿ ಓಡಾಡುತ್ತಾ ಹಿಮ್ಮಡಿ ನೋಡುತ್ತೇನೆ. ಎದ್ದಿದ್ದರೆ ಕೂತು, ಎರಡು ಬೆರಳಲ್ಲಿ ಮೆಲ್ಲಗೆ ನೆಲಕ್ಕೆ ಒತ್ತುತ್ತೇನೆ.