ಎಸಿ ಮತ್ತು ಗೀಸರ್ ಕೆಲಸ ಕಲಿಯುವವರಿಗೆ: ಹುಬ್ಬಳ್ಳಿ-ಧಾರವಾಡದಲ್ಲಿ ಎಲ್ಲಿಂದ ಆರಂಭಿಸಬೇಕು

ಮನೆಗಳ ಎಸಿ ರಿಪೇರಿಯನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂದಿರುವವರು ಮೊದಲು ಈ ಭಾಗದ ಹವಾಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಶಿವರಾತ್ರಿ ಕಳೆದ ಮೇಲೆ ಏರುವ ಎಸಿ ಕೆಲಸದ ಭರಾಟೆ ಜೂನ್‌ನಲ್ಲಿ ಮಳೆ ಹಿಡಿಯುತ್ತಿದ್ದಂತೆ ಇಳಿದುಬಿಡುತ್ತದೆ. ಬಿಸಿಲು ಇನ್ನಷ್ಟು ಬಿರುಸಾಗಿರುವ ಗದಗದಲ್ಲಿಯೂ ಸ್ಥಿತಿ ಬಹಳ ಬೇರೆಯಲ್ಲ. ಇಲ್ಲಿನ ಮನೆಗಳಿಗೆ ಕೋಣೆ ಬೆಚ್ಚಗಿಡುವ ಯಂತ್ರದ ಅಗತ್ಯವಿಲ್ಲ, ಆದರೆ ಸ್ನಾನಕ್ಕೆ ಬಿಸಿನೀರು ವರ್ಷವಿಡೀ ಬೇಕು. ಆದ್ದರಿಂದ ಎಸಿಯ ಜೊತೆಗೆ ಗೀಸರ್ ಮತ್ತು ಸೋಲಾರ್ ವಾಟರ್ ಹೀಟರ್ ಕೆಲಸವನ್ನೂ ಕಲಿತವರಿಗೆ ಮಾತ್ರ ಹನ್ನೆರಡೂ ತಿಂಗಳು ದುಡಿಮೆ ಇರುತ್ತದೆ.

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ನೇರವಾದ ದಾರಿಯೆಂದರೆ ಐಟಿಐ. ಅಲ್ಲಿನ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟೆಕ್ನಿಷಿಯನ್ ಟ್ರೇಡ್ ಎರಡು ವರ್ಷದ್ದು. ಹತ್ತನೆಯ ತರಗತಿಯಲ್ಲಿ ವಿಜ್ಞಾನ ಮತ್ತು ಗಣಿತ ಓದಿರಬೇಕು. ಪ್ರವೇಶವನ್ನು ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ನಡೆಸುತ್ತದೆ. ಎಲ್ಲ ಐಟಿಐಗಳಲ್ಲೂ ಈ ಟ್ರೇಡ್ ಇರುವುದಿಲ್ಲ, ಇದ್ದರೂ ಸೀಟುಗಳು ಕಡಿಮೆ. ಆದುದರಿಂದ ಫಲಿತಾಂಶ ಬರುವ ಮೊದಲೇ ಕಾಲೇಜಿಗೆ ಹೋಗಿ, ವರ್ಕ್‌ಶಾಪನ್ನು ಕಣ್ಣಾರೆ ನೋಡಿ ಬರುವುದು ಒಳ್ಳೆಯದು. ಕೊಳವೆಯೊಳಗಿನ ಗಾಳಿ-ತೇವ ಹೀರಿ ತೆಗೆಯುವ ವ್ಯಾಕ್ಯೂಮ್ ಪಂಪ್, ನೈಟ್ರೋಜನ್ ಸಿಲಿಂಡರ್ ಮತ್ತು ಬಿಚ್ಚಿ ಜೋಡಿಸಲು ಸಿಗುವ ಇನ್ವರ್ಟರ್ ಎಸಿ, ಈ ಮೂರೂ ಅಲ್ಲಿ ಬಳಕೆಯಲ್ಲಿ ಇವೆಯೇ ಎಂದು ಕೇಳಬೇಕು. ಗೋಡೆಗೆ ತೂಗುಹಾಕಿದ ಚಾರ್ಟುಗಳಿಂದ ಈ ಕಸುಬು ಬರುವುದಿಲ್ಲ.

ಓದು ಬಿಟ್ಟು ದುಡಿಮೆಗೆ ಇಳಿದವರಿಗೆ ಎರಡು ವರ್ಷ ದೀರ್ಘವೆನಿಸಬಹುದು. ಅಂಥವರು ಧಾರವಾಡದ ರುಡ್‌ಸೆಟ್‌ನಂತಹ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ-ವಸತಿ ಸಹಿತ ಉಚಿತವಾಗಿ ನಡೆಯುವ ಅಲ್ಪಾವಧಿ ತರಬೇತಿಗಳನ್ನು ವಿಚಾರಿಸಬಹುದು. ಅವು ಕೈಗೆ ಉಪಕರಣದ ಪರಿಚಯ ಮಾಡಿಸುತ್ತವೆ; ಅಲ್ಲಿಂದ ಮುಂದೆ ಅನುಭವಿ ಮೆಕ್ಯಾನಿಕ್ ಒಬ್ಬರ ಜೊತೆ ಕನಿಷ್ಠ ಒಂದು ಬೇಸಿಗೆಯಾದರೂ ದುಡಿಯಲೇಬೇಕು.

ಹೀಗೆ ಕಲಿಯುವಾಗ ಯಾರ ಕೈಕೆಳಗೆ ಕಲಿಯುತ್ತೀರಿ ಎಂಬುದು ಬಹಳ ಮುಖ್ಯ. ‘ಗ್ಯಾಸ್ ಖಾಲಿ ಆಗೇತ್ರೀ, ತುಂಬಿ ಕೊಡ್ರಿ’ ಎಂದು ಗ್ರಾಹಕರು ಹೇಳುವುದು ಸಹಜ. ಆದರೆ ಎಸಿಯೊಳಗಿನ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವುದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುವಂಥದ್ದು. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬುವವರು ಮುಂದಿನ ಬೇಸಿಗೆಯ ಗಿರಾಕಿಯನ್ನು ತಾವೇ ತಯಾರು ಮಾಡಿಕೊಳ್ಳುತ್ತಾರೆ, ಅಷ್ಟೆ. ಸರಿಯಾದ ಕ್ರಮ ಹೀಗಿದೆ: ಉಳಿದ ಗ್ಯಾಸನ್ನು ರಿಕವರಿ ಯಂತ್ರದಿಂದ ಹೊರತೆಗೆದ ಮೇಲೆ, ಕೈಪಿಡಿ ಸೂಚಿಸಿದ ಒತ್ತಡಕ್ಕೆ ಒಣ ನೈಟ್ರೋಜನ್ ತುಂಬಿ, ಪೈಪು ಜೋಡಿಸುವ ಫ್ಲೇರ್ ನಟ್ ಮತ್ತು ಬೆಸುಗೆಯ ಜಾಗಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಸೋರುವ ಜಾಗವನ್ನು ಸರಿಪಡಿಸಿದ ಬಳಿಕ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಏರುವುದಿಲ್ಲವೆಂದು ಖಚಿತಪಡಿಸಿಕೊಂಡು, ನಂತರ ತಕ್ಕಡಿಯಲ್ಲಿ ತೂಗಿ ಗ್ಯಾಸ್ ತುಂಬಬೇಕು. ಒಳಗೆ ಉಳಿದ ತೇವ ಕಂಪ್ರೆಸರ್‌ನ ಎಣ್ಣೆಯೊಡನೆ ಸೇರಿ ಆಮ್ಲವಾಗಿ ಯಂತ್ರವನ್ನು ತಿನ್ನುತ್ತದೆ. ಈಗಿನ ಗ್ಯಾಸುಗಳ ಜೊತೆ ಬಳಸುವ ಎಣ್ಣೆ ತೇವವನ್ನು ಬೇಗ ಹೀರುವಂಥದ್ದಾದ್ದರಿಂದ ಈ ಹಂತವನ್ನು ಎಂದಿಗೂ ಬಿಡುವಂತಿಲ್ಲ. ಒತ್ತಡ ಪರೀಕ್ಷೆಗೆ ಆಕ್ಸಿಜನ್ ಬಳಸುವವರನ್ನು ಕಂಡರೆ ಅಲ್ಲಿಂದ ಎದ್ದು ಬನ್ನಿ, ಏಕೆಂದರೆ ಎಣ್ಣೆ ಮತ್ತು ಆಕ್ಸಿಜನ್ ಕೂಡಿದರೆ ಸ್ಫೋಟವಾಗುತ್ತದೆ.

ಗ್ಯಾಸುಗಳಲ್ಲಿಯೂ ಭೇದವಿದೆ. ಹಳೆಯ ಯಂತ್ರಗಳಲ್ಲಿರುವ ಆರ್-22, ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಹಿಂದೆ ಸರಿಯುತ್ತಿದೆ. ಆರ್-410ಎ ಅದಕ್ಕಿಂತ ಸುಮಾರು 1.6 ಪಟ್ಟು ಒತ್ತಡದಲ್ಲಿ ಕೆಲಸ ಮಾಡುವುದರಿಂದ ಹಳೆಯ ಗೇಜು-ಪೈಪುಗಳು ಅದಕ್ಕೆ ನಡೆಯವು. ಆರ್-32 ಅಲ್ಪ ಪ್ರಮಾಣದಲ್ಲಿ ಉರಿಯುವ ಗುಣವುಳ್ಳದ್ದು. ಆರ್-290 ಎಂದರೆ ಪ್ರೊಪೇನ್, ಅಡುಗೆ ಅನಿಲದ ಬಳಗಕ್ಕೇ ಸೇರಿದ್ದು. ಇವೆರಡಿರುವ ಕೊಳವೆಗೆ ಒಳಗಿನ ಗ್ಯಾಸ್ ಪೂರ್ತಿ ತೆಗೆಯದೆ ಬೆಂಕಿ ಹಿಡಿಯಬಾರದು. ಇನ್ವರ್ಟರ್ ಬೋರ್ಡಿನಲ್ಲಿ ವಿದ್ಯುತ್ ಹಿಡಿದಿಡುವ ಕೆಪಾಸಿಟರ್, ಸ್ವಿಚ್ ಆರಿಸಿದ ಮೇಲೂ ಶಾಕ್ ಹೊಡೆಯಬಲ್ಲುದು. ಮೀಟರ್ ಇಟ್ಟು ನೋಡಿದ ಮೇಲಷ್ಟೇ ಕೈ ಹಾಕಬೇಕು.

ಗೀಸರ್ ಕೆಲಸ ನೋಡಲು ಸುಲಭ, ಆದರೆ ಪ್ರಾಣಕ್ಕೆ ಹತ್ತಿರದ್ದು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಯ ಗೀಸರ್ ಬಿಚ್ಚಿದರೆ ಎಲಿಮೆಂಟಿನ ಮೇಲೆ ಸುಣ್ಣದಂಥ ಬಿಳಿ ಪದರ ದಪ್ಪಗೆ ಕಟ್ಟಿರುತ್ತದೆ, ಪಕ್ಕದ ಮೆಗ್ನೀಸಿಯಂ ರಾಡ್ ಸವೆದು ತಂತಿಯಷ್ಟೇ ಉಳಿದಿರುತ್ತದೆ. ಎಲಿಮೆಂಟ್ ಮಾತ್ರ ಬದಲಿಸಿ ರಾಡ್ ಹಾಗೆಯೇ ಬಿಟ್ಟರೆ ಮುಂದೆ ತುಕ್ಕು ಹಿಡಿಯುವುದು ಟ್ಯಾಂಕಿಗೇ. ನೀರು ಕಾಯುವಾಗ ಹಿಗ್ಗಿ ಸುರಕ್ಷತಾ ವಾಲ್ವಿನಿಂದ ಹನಿ ಹನಿಯಾಗಿ ತೊಟ್ಟಿಕ್ಕುವುದು ದೋಷವಲ್ಲ. ಅದನ್ನು ಬಂದ್ ಮಾಡಿ ಎಂದು ಮನೆಯವರು ಎಷ್ಟೇ ಒತ್ತಾಯಿಸಿದರೂ ಮಾಡಬಾರದು. 2 ಕಿಲೋವ್ಯಾಟ್ ಗೀಸರಿಗೆ 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್, ಸೋರುವ ಕರೆಂಟ್ ಕಂಡೊಡನೆ ಲೈನ್ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇವೆಯೇ ಎಂದು ನೋಡದೆ ಅಳವಡಿಸಲೂಬಾರದು.

ಐಟಿಐ ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಂಪನಿಯಲ್ಲಿ ಕಲಿಯುವ ಅವಕಾಶವಿದೆ. ಓದುವ ಆಸೆಯಿದ್ದವರು ಲ್ಯಾಟರಲ್ ಎಂಟ್ರಿಯ ಮೂಲಕ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರಯತ್ನಿಸಬಹುದು. ಮನೆ ಎಸಿಗಳಿಂದಾಚೆ ದೊಡ್ಡ ಯಂತ್ರಗಳತ್ತ ಮನಸ್ಸಿದ್ದರೆ, ಮೆಣಸಿನಕಾಯಿ ದಾಸ್ತಾನು ಮಾಡುವ ಬ್ಯಾಡಗಿಯ ಶೀತಲಗೃಹಗಳು ಹಾವೇರಿ ಜಿಲ್ಲೆಯಲ್ಲೇ ಇವೆ.

ಸ್ವಂತ ಕೆಲಸ ಆರಂಭಿಸುವವರು ಮೊದಲ ದುಡ್ಡಿನಲ್ಲಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್, ಗ್ಯಾಸಿನ ಒತ್ತಡ ತೋರಿಸುವ ಮ್ಯಾನಿಫೋಲ್ಡ್ ಗೇಜ್, ಪೈಪಿನ ಬಾಯಿ ಅಗಲಿಸುವ ಒಳ್ಳೆಯ ಫ್ಲೇರಿಂಗ್ ಟೂಲ್ ಮತ್ತು ಎತ್ತರದ ಕೆಲಸಕ್ಕೆ ಸೇಫ್ಟಿ ಬೆಲ್ಟ್ ಕೊಳ್ಳಲಿ. ಬೈಕಿಗೆ ಸ್ಟಿಕ್ಕರ್ ಆಮೇಲೆ ಅಂಟಿಸಿದರಾಯಿತು. ವ್ಯಾಕ್ಯೂಮ್ ಪಂಪನ್ನು ಇಬ್ಬರು ಮೂವರು ಸೇರಿ ಕೊಂಡರೂ ನಡೆಯುತ್ತದೆ. ಗಿರಾಕಿಗಳನ್ನು ಯುಗಾದಿಗೆ ಮುಂಚೆಯೇ ಸರ್ವಿಸ್‌ಗೆ ಒಪ್ಪಿಸಿಕೊಂಡರೆ, ಏಪ್ರಿಲ್‌ನಲ್ಲಿ ಎಲ್ಲರ ಫೋನೂ ಒಟ್ಟಿಗೆ ಬರುವ ಹೊತ್ತಿಗೆ ಕೆಟ್ಟು ನಿಂತ ಯಂತ್ರಗಳಿಗೆ ಸಮಯ ಕೊಡಲು ಸಾಧ್ಯವಾಗುತ್ತದೆ.