ಬೆಂಗಳೂರಿನಲ್ಲಿ ಸದ್ದು ಕಡಿಮೆಯಿರುವ ಬೀದಿಯನ್ನು ನಾನು ಹುಡುಕುವ ಬಗೆ

ಗ್ರಂಥಾಲಯದ ಕೆಲಸಕ್ಕಾಗಿ ಧಾರವಾಡದಿಂದ ಬೆಂಗಳೂರಿಗೆ ಆಗಾಗ ಹೋಗಿ ಕೆಲವು ದಿನ ಉಳಿಯಬೇಕಾಗುತ್ತದೆ. ಹಗಲೆಲ್ಲ ಹಳೆಯ ಪತ್ರಿಕೆಗಳ ಸಂಪುಟ ತಿರುವಿ ಬಂದ ಮೇಲೆ, ಬರೆದುಕೊಂಡ ಟಿಪ್ಪಣಿಗಳನ್ನು ಒಪ್ಪ ಮಾಡಲು ಸಂಜೆ ಎರಡು ತಾಸು ನೆಮ್ಮದಿಯ ಜಾಗ ಬೇಕು. ಮೆಜೆಸ್ಟಿಕ್ ಸುತ್ತಲಿನ ಲಾಡ್ಜುಗಳಲ್ಲಿ ಅದು ಸಿಗುವ ಮಾತಲ್ಲವಾದ್ದರಿಂದ, ಜನವಸತಿಯ ನಡುವೆ ಇರುವ ಕೋಣೆಯನ್ನೇ ಹುಡುಕುವುದು ನನ್ನ ರೂಢಿ.

ಬಡಾವಣೆಯನ್ನು ಆರಿಸಿಕೊಳ್ಳುವುದು ಕಷ್ಟವಲ್ಲ, ಅದನ್ನು ಕೆಲಸವೇ ನಿರ್ಧರಿಸುತ್ತದೆ. ನಾನು ಹೋಗುವ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ನರಸಿಂಹರಾಜ ಕಾಲೋನಿಯಲ್ಲಿದೆ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿದೆ, ಕನ್ನಡ ಸಾಹಿತ್ಯ ಪರಿಷತ್ತು ಪಕ್ಕದ ಚಾಮರಾಜಪೇಟೆಯಲ್ಲಿದೆ. ರೈಲು ಇಳಿದವನಿಗೆ ಮೆಜೆಸ್ಟಿಕ್‌ನಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಹೀಗೆ ಮೂರು ನಿಲ್ದಾಣಗಳು ಸಾಲಾಗಿ ಬರುತ್ತವೆ. ಆದರೆ ಈ ಮೂರೂ ಕಡೆ ಹಳಿ ನೆಲದಡಿಯಲ್ಲಿ ಇಲ್ಲ, ಕಂಬಗಳ ಮೇಲಿದೆ. ಆದ್ದರಿಂದ ನಿಲ್ದಾಣಕ್ಕೆ ಅಂಟಿಕೊಂಡ ಮನೆ ಬೇಡವೆಂದು, ಹತ್ತು ನಿಮಿಷ ನಡೆಯುವಷ್ಟು ಒಳಗಿನ ಬೀದಿಗಳನ್ನಷ್ಟೇ ನೋಡುತ್ತೇನೆ.

ಬಸವನಗುಡಿ ಶಾಂತವಾದ ಬಡಾವಣೆ ಎಂಬ ಮಾತು ಅರ್ಧ ಮಾತ್ರ ನಿಜ. ಗಾಂಧಿ ಬಜಾರ್, ಡಿ.ವಿ.ಜಿ. ರಸ್ತೆ, ಬುಲ್ ಟೆಂಪಲ್ ರಸ್ತೆ ಇವೆಲ್ಲವೂ ಬಸವನಗುಡಿಯೇ. ಅವುಗಳಿಂದ ಎರಡು ಅಡ್ಡರಸ್ತೆ ಒಳಕ್ಕೆ ಹೋದರೆ ಸಿಗುವ, ಹೊಂಗೆಯ ನೆರಳಿನ ಬೀದಿಯೂ ಬಸವನಗುಡಿಯೇ. ಹೀಗಾಗಿ ನನ್ನ ಹುಡುಕಾಟವೆಲ್ಲ ಬೀದಿಯದು. ನಕ್ಷೆಯಲ್ಲಿ ನಾನು ಮೊದಲು ನೋಡುವುದು ಆ ಬೀದಿ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದನ್ನು. ಎರಡು ದೊಡ್ಡ ರಸ್ತೆಗಳನ್ನು ನೇರವಾಗಿ ಕೂಡಿಸುವ ಅಡ್ಡರಸ್ತೆ ಎಷ್ಟೇ ಕಿರಿದಾಗಿದ್ದರೂ, ಸಿಗ್ನಲ್ ತಪ್ಪಿಸಿಕೊಳ್ಳುವ ಸ್ಕೂಟರು ಆಟೋಗಳೆಲ್ಲ ಸಂಜೆಯ ಹೊತ್ತಿಗೆ ಅದರೊಳಗೆ ನುಗ್ಗುತ್ತವೆ. ಉದ್ಯಾನದ ಬೇಲಿಗೋ ಯಾರದೋ ಕಾಂಪೌಂಡ್ ಗೋಡೆಗೋ ಹೋಗಿ ಮುಗಿಯುವ ಬೀದಿಗೆ, ಅಲ್ಲಿ ವಾಸವಿರುವವರ ಹೊರತು ಬೇರೆಯವರು ಬರಲು ಕಾರಣವೇ ಇರುವುದಿಲ್ಲ. ಗೂಗಲ್‌ನ ಸ್ಟ್ರೀಟ್ ವ್ಯೂ 2022ರಲ್ಲಿ ಬೆಂಗಳೂರಿಗೂ ಬಂದ ಮೇಲೆ ಇದನ್ನು ಊರಿನಲ್ಲೇ ಕುಳಿತು ನೋಡಿಕೊಳ್ಳಬಹುದು. ಚಿತ್ರ ಹಳೆಯದಾಗಿರಬಹುದು ಎಂಬ ಎಚ್ಚರವಿದ್ದರಾಯಿತು.

ಆಮೇಲೆ ಕೋಣೆಯ ದಿಕ್ಕನ್ನು ವಿಚಾರಿಸುತ್ತೇನೆ. ಬಸವನಗುಡಿ, ಮಲ್ಲೇಶ್ವರಗಳು 1890ರ ದಶಕದಲ್ಲಿ, ಪ್ಲೇಗಿನ ಕಾಲದಲ್ಲಿ, ಆರೋಗ್ಯದ ದೃಷ್ಟಿಯಿಂದ ರೂಪುಗೊಂಡ ಬಡಾವಣೆಗಳು. ಮನೆಗಳ ಹಿಂಬದಿಯಲ್ಲಿ ನೈರ್ಮಲ್ಯದ ಕೆಲಸಕ್ಕೆಂದು ಬಿಟ್ಟಿದ್ದ, ಈಗಲೂ ಕನ್ಸರ್ವೆನ್ಸಿ ಎಂದೇ ಕರೆಯಲ್ಪಡುವ ಓಣಿಗಳು ಅಲ್ಲಲ್ಲಿ ಉಳಿದಿವೆ. ಹಿಂಬದಿಯ ಕೋಣೆಯ ಕಿಟಕಿ ಅಂಥ ಓಣಿಗೆ ತೆರೆದರೆ ಮುಂದಿನ ರಸ್ತೆಯ ಹಾರ್ನು ಬಹುಪಾಲು ಗೋಡೆಯಲ್ಲೇ ನಿಂತುಬಿಡುತ್ತದೆ. ಮಾಲೀಕರು ಮುಂದಿನ ಬಾಲ್ಕನಿಯಿರುವ ಕೋಣೆಯನ್ನೇ ಹೊಗಳುತ್ತಾರೆ, ಬಾಡಿಗೆಯೂ ಅದಕ್ಕೇ ಹೆಚ್ಚು. ನನಗೆ ಹಿಂದಿನದೇ ಸಾಕು.

ಫೋನಿನಲ್ಲಿ ಮಾತಾಡುವಾಗ ‘ಜಾಗ ಶಾಂತವಾಗಿದೆಯೇ’ ಎಂದು ಕೇಳಿ ಪ್ರಯೋಜನವಿಲ್ಲ, ಇಲ್ಲವೆಂದು ಯಾರೂ ಹೇಳುವುದಿಲ್ಲ. ಅಕ್ಕಪಕ್ಕದಲ್ಲಿ ಕಲ್ಯಾಣ ಮಂಟಪ ಇದೆಯೇ, ಪಿ.ಜಿ. ಇದೆಯೇ, ಯಾವುದಾದರೂ ಮನೆ ಕೆಡವಿದ್ದಾರೆಯೇ ಎಂದು ಬಿಡಿಸಿ ಕೇಳಬೇಕು. ಹಳೆಯ ಮನೆಗಳನ್ನು ಕೆಡವಿ ನಾಲ್ಕು ಅಂತಸ್ತು ಏರಿಸುವ ಕೆಲಸ ಈ ಭಾಗದಲ್ಲಿ ಎಲ್ಲಾದರೂ ನಡೆಯುತ್ತಲೇ ಇರುವುದರಿಂದ, ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಒಮ್ಮೆ ನರಸಿಂಹರಾಜ ಕಾಲೋನಿಯ ಒಬ್ಬ ತಾಯಿ ನೇರವಾಗಿ ಹೇಳಿದರು: “ಪಕ್ಕದ ಸೈಟಲ್ಲಿ ಪಾಯ ತೆಗೀತಿದಾರೆ ಸರ್. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿ ಆರಕ್ಕೆ ನಿಲ್ಲಿಸ್ತಾರೆ. ನಿಮಗಾಗುತ್ತೆ ಅಂದ್ರೆ ಬನ್ನಿ.” ಆ ಹೊತ್ತಿಗೆ ನಾನು ಗ್ರಂಥಾಲಯದಲ್ಲಿ ಇರುವವನು, ಕೂಡಲೇ ಒಪ್ಪಿಕೊಂಡೆ. ಸದ್ದು ಇದೆಯೋ ಇಲ್ಲವೋ ಎಂಬುದಕ್ಕಿಂತ ಅದು ಯಾವ ಹೊತ್ತಿನದು ಎಂಬುದನ್ನು ತಿಳಿದುಕೊಳ್ಳುವುದೇ ಉಪಯೋಗ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ ಹಾಕಿವೆಯಾದರೂ, ಮುಹೂರ್ತದ ದಿನ ಬೆಳಿಗ್ಗೆ ಆರು ದಾಟಿದ ಕೂಡಲೇ ಶುರುವಾಗುವ ಓಲಗಕ್ಕೆ ಆ ರಾತ್ರಿಯ ಮಿತಿ ಅನ್ವಯಿಸುವುದಿಲ್ಲ.

ಪಂಚಾಂಗವನ್ನೂ ಒಮ್ಮೆ ನೋಡಿಕೊಳ್ಳುತ್ತೇನೆ. ಕಾರ್ತಿಕ ಮಾಸದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆಗೆ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಾಲಿಡಲು ಜಾಗವಿರುವುದಿಲ್ಲ, ಪೀಪಿಯ ಸದ್ದು ರಾತ್ರಿಯವರೆಗೂ ನಿಲ್ಲುವುದಿಲ್ಲ. ಆ ವಾರ ಜಯನಗರದ ಒಳಬೀದಿಗಳು ವಾಸಿ. ರಾಮನವಮಿಯ ಹೊತ್ತಿನಲ್ಲಿ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವ ಸಂಗೀತೋತ್ಸವದ ವಿಷಯ ಬೇರೆ. ಅದಕ್ಕಾಗಿಯೇ ನಾನು ಬೆಂಗಳೂರಿನ ಕೆಲಸವನ್ನು ಹಿಂದೆಮುಂದೆ ಮಾಡಿಕೊಳ್ಳುವುದುಂಟು.

ಇಂಥ ಮನೆಗಳಿಗೆ ಅವುಗಳದೇ ಕಟ್ಟುಪಾಡುಗಳಿರುತ್ತವೆ. ಮಾಲೀಕರು ಕೆಳಗೇ ವಾಸವಿದ್ದರೆ ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ ಬೀಳುತ್ತದೆ, ಮೇಲಿನ ಕೋಣೆಗಳಲ್ಲೂ ಗದ್ದಲ ಇರುವುದಿಲ್ಲ. ಇದು ನನಗೆ ಅನುಕೂಲವೇ. ತೊಡಕಿರುವುದು ರಾತ್ರಿ ರೈಲಿನಲ್ಲಿ ಬಂದು ನಸುಕಿನಲ್ಲಿ ಬಾಗಿಲು ತಟ್ಟಬೇಕಾದಾಗ. ಆದ್ದರಿಂದ ಮುಂಗಡ ಕಳಿಸುವ ಮೊದಲೇ ರೈಲಿನ ಹೊತ್ತು ತಿಳಿಸಿ, ಗೇಟಿನ ಕೀಲಿ ಎಲ್ಲಿಟ್ಟಿರುತ್ತಾರೆ ಎಂದು ಕೇಳಿಕೊಳ್ಳುತ್ತೇನೆ. ಏಳಕ್ಕಿಂತ ಮೊದಲು ಬರಬೇಡಿ ಎಂದರೆ, ಬೆನ್ನಚೀಲದೊಡನೆ ಗಾಂಧಿ ಬಜಾರಿನ ಹೋಟೆಲೊಂದರಲ್ಲಿ ತಿಂಡಿ ಮುಗಿಸಿಕೊಂಡೇ ಹೋಗುತ್ತೇನೆ.