ಓದಲು ಬಿಟ್ಟೆ, ಬರೆಯಲು ಬೀಗ ಹಾಕಿದೆ

ಒಂದು ಫಂಕ್ಷನ್‌ಗೆ ಮಾತ್ರ ಕೊಟ್ಟ ಆಪ್ಟಿಮೈಸೇಶನ್ ಸೆಟ್ಟಿಂಗ್ ಪಕ್ಕದ ಫಂಕ್ಷನ್‌ಗೂ ಅಂಟಿಕೊಳ್ಳುತ್ತಿತ್ತು. ಅದೂ ಒಮ್ಮೊಮ್ಮೆ ಮಾತ್ರ. ಫೈಲಿನಲ್ಲಿ ಎರಡು ಫಂಕ್ಷನ್‌ಗಳ ಜಾಗ ಅದಲುಬದಲು ಮಾಡಿದರೆ ತಪ್ಪು ಮಾಯ. ಜಿಸಿಸಿ ಅನ್ನುವ ಕಂಪೈಲರ್‌ಗೆ ನಮ್ಮ ಚಿಪ್‌ನ ಬ್ಯಾಕೆಂಡ್, ಅಂದರೆ ಆ ಚಿಪ್‌ಗೆ ಬೇಕಾದ ಕೋಡ್ ಹೊರಡಿಸುವ ಭಾಗ, ಸೇರಿಸುತ್ತಿದ್ದ ಕಾಲ ಅದು. ಈ ಬಗ್ ಹಿಂದೆ ಮೂರು ದಿನ ಅಲೆದೆ.

ನಾವು ಸೇರಿಸಿದ ಕೋಡಿನಲ್ಲಿ ಒಂದು ಗ್ಲೋಬಲ್ ಪಾಯಿಂಟರ್ ಇತ್ತು, ಅಂದರೆ ಯಾವ ಫೈಲಿನಿಂದ ಬೇಕಾದರೂ ಓದಬಹುದು, ಬರೆಯಬಹುದು. ಈಗ ಕಂಪೈಲ್ ಆಗುತ್ತಿರುವ ಫಂಕ್ಷನ್‌ನ ಸೆಟ್ಟಿಂಗ್ ಎಲ್ಲಿದೆ ಅಂತ ತೋರಿಸುವುದು ಅದರ ಕೆಲಸ. ಕಂಪೈಲರಿನ ಒಂದು ಪಾಸ್ (ಕೋಡಿನ ಮೇಲೆ ಓಡುವ ಒಂದು ಹಂತ) ಅದನ್ನು ಸ್ವಲ್ಪ ಹೊತ್ತು ಬೇರೆ ಕಡೆ ತಿರುಗಿಸಿ, ಕೊನೆಯಲ್ಲಿ ಮೊದಲಿದ್ದ ಜಾಗಕ್ಕೆ ತರುತ್ತಿತ್ತು. ಆದರೆ ನಡುವೆ ಒಂದು ರಿಟರ್ನ್ ಇತ್ತು. ಆ ದಾರಿಯಲ್ಲಿ ಹೊರಗೆ ಹೋದರೆ ಪಾಯಿಂಟರ್ ತಿರುಗಿದ ಹಾಗೇ ಉಳಿಯುತ್ತಿತ್ತು.

ಗ್ಲೋಬಲನ್ನೇ ತೆಗೆದು, ಎಲ್ಲ ಕಡೆ ಆರ್ಗ್ಯುಮೆಂಟ್ ಆಗಿ ಕಳಿಸೋಣ ಅಂತ ಮೊದಲು ಅನ್ನಿಸಿತು. ಆದರೆ ಜಿಸಿಸಿಯ ಮೂಲ ಫೈಲುಗಳ ಒಳಗೂ ನಮ್ಮ ಸಾಲುಗಳು ಹರಡಿದ್ದವು. ಅಲ್ಲೆಲ್ಲ ಕೈ ಹಾಕಿದರೆ ಮುಂದಿನ ಆವೃತ್ತಿ ಬಂದಾಗ ಮರ್ಜ್ ಮಾಡುವುದು ನರಕ. ಅಷ್ಟಕ್ಕೂ ಅದನ್ನು ಓದುವ ಕೋಡಿನಿಂದ ತೊಂದರೆ ಆಗಿರಲಿಲ್ಲ, ಅಲ್ವಾ? ತೊಂದರೆ ಕೊಟ್ಟಿದ್ದು ಬರೆಯುವ ಕೋಡು.

ದಾರಿ ಜಿಸಿಸಿಯ ಒಳಗೇ ಇತ್ತು. ಈಗ ಕಂಪೈಲ್ ಆಗುತ್ತಿರುವ ಫಂಕ್ಷನ್‌ಗೆ ಅಲ್ಲಿ 'ಸಿಫನ್' (cfun) ಅನ್ನುವ ಗ್ಲೋಬಲ್ ಇದೆ. ಹೆಡರ್‌ನಲ್ಲಿ ಅದನ್ನು ಡಿಕ್ಲೇರ್ ಮಾಡಿದ ಕೂಡಲೇ, ಅದೇ ಹೆಸರಿನ ಒಂದು ಮ್ಯಾಕ್ರೋ (ಕಂಪೈಲ್‌ಗೆ ಮೊದಲು ಒಂದು ಹೆಸರಿನ ಜಾಗದಲ್ಲಿ ಬೇರೆ ಪಠ್ಯ ಇಡುವ ಸಾಲು) ಬರುತ್ತದೆ: ಸಿಫನ್ ಅಂದರೆ (ಸಿಫನ್ + 0). ಮ್ಯಾಕ್ರೋ ತನ್ನ ಹೆಸರನ್ನೇ ಮತ್ತೆ ಬಿಡಿಸುವುದಿಲ್ಲ. ಹಾಗಾಗಿ ಒಳಗಿರುವುದು ನಿಜವಾದ ವೇರಿಯಬಲ್. ಸೊನ್ನೆ ಕೂಡಿಸಿದರೆ ಬೆಲೆ ಬದಲಾಗುವುದಿಲ್ಲ, ಆದರೆ ನಮಗೆ ಸಿಗುವುದು ಬರೀ ಬೆಲೆ, ಜಾಗ ಅಲ್ಲ. ಸಮ ಚಿಹ್ನೆಯ ಎಡಕ್ಕೆ ಅದನ್ನು ಇಡಲು ಆಗುವುದಿಲ್ಲ. ಅದರ ವಿಳಾಸವನ್ನೂ ತೆಗೆಯಲು ಆಗುವುದಿಲ್ಲ. ಓದುವ ಸಾಲುಗಳಲ್ಲಿ ಒಂದಕ್ಷರವೂ ಬದಲಾಗಬೇಕಿಲ್ಲ. ಇದನ್ನು ಯೋಚಿಸಿದವರ ಬಗ್ಗೆ ನನಗೆ ತುಂಬಾ ಗೌರವ.

ನಮ್ಮ ಪಾಯಿಂಟರಿಗೂ ಅದೇ ಒಂದು ಸಾಲು ಬರೆದು ಬಿಲ್ಡ್ ಓಡಿಸಿದೆ. ಎರರ್‌ಗಳು ಸಾಲುಸಾಲಾಗಿ ಬಂದವು. ನನಗೆ ಬೇಕಿದ್ದ ಪಟ್ಟಿ ಅದೇ. ಯಾರು ಯಾರು ಬರೆಯುತ್ತಿದ್ದಾರೆ ಅಂತ ಕಂಪೈಲರೇ ಹೇಳಿತು. ಒಂದು ಕಡೆಯಂತೂ ಪಾಯಿಂಟರಿನ ವಿಳಾಸವನ್ನು ಒಂದು ಟೇಬಲ್‌ನಲ್ಲಿ ಇಟ್ಟು, ಎಷ್ಟೋ ಹೊತ್ತಿನ ನಂತರ ಅದರ ಮೂಲಕ ಬರೆಯುತ್ತಿದ್ದರು. ಪಠ್ಯ ಹುಡುಕುವ ಗ್ರೆಪ್‌ನಲ್ಲಿ ಎಷ್ಟು ಹುಡುಕಿದ್ದರೂ ಅದು ನನಗೆ ಸಿಕ್ಕಿರಲಿಲ್ಲ.

ಆಮೇಲೆ ಪಾಯಿಂಟರ್ ಇರುವ ಒಂದೇ ಒಂದು ಫೈಲಿನಲ್ಲಿ ಮ್ಯಾಕ್ರೋವನ್ನು ಅನ್‌ಡೆಫ್, ಅಂದರೆ ರದ್ದು, ಮಾಡಿ, ಅಲ್ಲಿ ಸೆಟ್ ಮಾಡುವ ಫಂಕ್ಷನ್ ಬರೆದೆ. ಸ್ವಲ್ಪ ಹೊತ್ತಿಗೆ ಬದಲಿಸುವವರಿಗಾಗಿ ಒಂದು ಚಿಕ್ಕ ಕ್ಲಾಸ್ ಮಾಡಿದೆ. ಕನ್‌ಸ್ಟ್ರಕ್ಟರ್ ಬದಲಿಸುತ್ತದೆ, ಯಾವ ದಾರಿಯಲ್ಲಿ ಹೊರಗೆ ಹೋದರೂ ತಾನಾಗೇ ಓಡುವ ಡಿಸ್ಟ್ರಕ್ಟರ್ ಹಳೆಯದನ್ನು ವಾಪಸ್ ಇಡುತ್ತದೆ. ಎಷ್ಟು ರಿಟರ್ನ್ ಇದ್ದರೂ ಚಿಂತೆಯಿಲ್ಲ. 2013ರ 4.8 ಆವೃತ್ತಿಯಿಂದ ಜಿಸಿಸಿಯನ್ನು ಸಿ++ ಕಂಪೈಲರ್‌ನಿಂದಲೇ ಕಟ್ಟಬೇಕು. ಹಾಗಾಗಿ ಇದಕ್ಕೆ ಅಡ್ಡಿ ಇರಲಿಲ್ಲ.

ಎಲ್ಲದಕ್ಕೂ ಈ ಉಪಾಯ ನಡೆಯುವುದಿಲ್ಲ. ನಮ್ಮ ಇನ್ನೊಂದು ಗ್ಲೋಬಲ್ ಇನಮ್ (ಹೆಸರಿಟ್ಟ ಕೆಲವೇ ಬೆಲೆಗಳ ಟೈಪ್) ಆಗಿತ್ತು. ಸೊನ್ನೆ ಕೂಡಿಸಿದ ಕೂಡಲೇ ಅದು ಇಂಟ್, ಅಂದರೆ ಬರೀ ಪೂರ್ಣಾಂಕ, ಆಗಿಬಿಟ್ಟಿತು. ಇನಮ್ ಕೇಳುವ ಫಂಕ್ಷನ್‌ಗಳಿಗೆ ಅದನ್ನು ಕೊಡಲು ಸಿ++ ಬಿಡಲಿಲ್ಲ. ಅಲ್ಲಿ ಇನ್‌ಲೈನ್ ಫಂಕ್ಷನ್ ಬರೆದು, ಓದುವ ಸಾಲುಗಳನ್ನೂ ಬದಲಿಸಬೇಕಾಯಿತು. ಸ್ಟ್ರಕ್ಟ್‌ಗೂ ಸೊನ್ನೆ ಕೂಡಿಸಲು ಬರುವುದಿಲ್ಲ.

ಇನ್‌ಸ್ಟ್ರಕ್ಷನ್ ಎನ್‌ಕೋಡ್ ಮಾಡುವ ಫೈಲು ಈ ಪಾಯಿಂಟರನ್ನು ಓದಲೂಬಾರದು. ಅಲ್ಲಿ ಜಿಸಿಸಿಯ ಪಾಯ್ಸನ್ ಪ್ರಾಗ್ಮಾ ಹಾಕಿದೆ. ಆ ಸಾಲಿನ ನಂತರ ಹೆಸರು ಬಂದರೆ ಸಾಕು, ಎರರ್. ಅದನ್ನು ಎಲ್ಲ ಇನ್‌ಕ್ಲೂಡ್‌ಗಳ ಕೆಳಗೇ ಇಡಬೇಕು. ಮೇಲೆ ಇಟ್ಟರೆ ಹೆಡರ್ ಫೈಲೇ ಮೊದಲು ಸಿಕ್ಕಿಬೀಳುತ್ತದೆ.

ಈಗ ಯಾರು ಬರೆದರೂ ಒಂದೇ ಫಂಕ್ಷನ್ ಮೂಲಕ ಹೋಗಬೇಕು. ಏನಾದರೂ ಅನುಮಾನ ಬಂದರೆ ಜಿಡಿಬಿ ಅನ್ನುವ ಡಿಬಗ್ಗರ್‌ನಲ್ಲಿ ಅಲ್ಲೊಂದು ಬ್ರೇಕ್‌ಪಾಯಿಂಟ್ ಇಡುತ್ತೇನೆ, ಬರೆದವರು ಯಾರು ಅಂತ ಸ್ಟ್ಯಾಕ್‌ನಲ್ಲೇ ಕಾಣುತ್ತದೆ. ಓದುವ ಸಾಲುಗಳು ಇಂದಿಗೂ ಎಲ್ಲಾ ಕಡೆ ಹರಡಿಕೊಂಡೇ ಇವೆ. ಅವನ್ನು ಮುಟ್ಟಿಲ್ಲ.